ತೈಮುರಾಜನ ಕಡೆಯ ಮಗ

ಕಾಕಸಸ್ ಪರ್ವತಗಳ ತೆಂಕಣ ಮಗ್ಗುಲಲ್ಲಿ, ಅಲಜಾನಿ ನದಿಯ ಬಯಲಿನಲ್ಲಿ, ಕಖೇತಿ ಎಂಬ ಜಾರ್ಜಿಯನ್ ರಾಜ್ಯವಿತ್ತು. ಮಣ್ಣಿನ ದೊಡ್ಡ ಹರವಿಗಳನ್ನು ಕಂಠದವರೆಗೆ ನೆಲದಲ್ಲಿ ಹೂತು ದ್ರಾಕ್ಷಾರಸ ಮಾಗಿಸುವ ಒಕ್ಕಲುಗಳ ನಾಡು ಅದು. 1606ರಲ್ಲಿ ಅದರ ಪಟ್ಟಕ್ಕೇರಿದ ತೈಮುರಾಜ್ ಇನ್ನೂ ಹದಿಹರೆಯದವನು. ಪಡುವಣದಲ್ಲಿ ಆಟೊಮನ್ ತುರ್ಕರು, ದಕ್ಷಿಣದಲ್ಲಿ ಪರ್ಷಿಯದ ಸಫಾವಿ ದೊರೆ ಒಂದನೆಯ ಷಾ ಅಬ್ಬಾಸ್. ಅರಸನಾಗಿದ್ದಂತೆಯೇ ತೈಮುರಾಜ್ ಕವಿಯೂ ಆಗಿದ್ದ.

ಅವನಿಗೆ ಮೂವರು ಗಂಡುಮಕ್ಕಳು. ಮೊದಲ ಹೆಂಡತಿಯಲ್ಲಿ ಹುಟ್ಟಿದವರು ಲೆವಾನ್ ಮತ್ತು ಅಲೆಕ್ಸಾಂಡರ್. ಆಕೆ ತೀರಿಕೊಂಡ ಮೇಲೆ ಕೈಹಿಡಿದ, ನೆರೆಯ ಜಾರ್ಜಿಯನ್ ರಾಜ್ಯ ಕಾರ್ಟ್ಲಿಯ ರಾಜಕುಮಾರಿ ಖೊರಾಷಾನಳಲ್ಲಿ ಹುಟ್ಟಿದವನು ದಾವಿದ್. ಮನೆಯವರು ಮುದ್ದಿನಿಂದ ಕರೆದ ದಾತುನಾ ಎಂಬ ಹೆಸರೇ ಚರಿತ್ರೆಯಲ್ಲಿ ಅವನಿಗೆ ಉಳಿಯಿತು.

ಷಾ ಒತ್ತೆಯಾಳುಗಳನ್ನು ಕೇಳಿದ. ತೈಮುರಾಜ್ ತನ್ನ ತಾಯಿ ಕೆತೆವಾನಳನ್ನೂ ಇಬ್ಬರು ಹಿರಿಯ ಮಕ್ಕಳನ್ನೂ ಕೊಟ್ಟ. ಕೊಟ್ಟರೂ ದಂಡು ಬಂತು. 1614ರಿಂದ 1617ರವರೆಗೆ ಕಖೇತಿ ಮತ್ತೆ ಮತ್ತೆ ತುಳಿತಕ್ಕೆ ಸಿಕ್ಕಿತು. ಒಂದು ಲಕ್ಷಕ್ಕೂ ಮೀರಿ ಜನರನ್ನು ಸೆರೆಯೊಯ್ದರೆಂದು ಷಾನ ಆಸ್ಥಾನದ ಇತಿಹಾಸಕಾರ ಇಸ್ಕಂದರ್ ಬೇಗ್ ಮುನ್ಶಿಯೇ ಬರೆದಿಟ್ಟಿದ್ದಾನೆ. ಹಾಗೆ ಒಯ್ದ ಜಾರ್ಜಿಯನ್ನರ ಪೀಳಿಗೆ ಇಸ್ಫಹಾನಿನ ಪಡುವಣದ ಫೆರೇಯ್ದಾನಿನಲ್ಲಿ ಇಂದಿಗೂ ತನ್ನ ಮನೆಮಾತನ್ನು ಬಿಟ್ಟಿಲ್ಲ.

ಒತ್ತೆಯಿದ್ದ ಇಬ್ಬರು ಹುಡುಗರ ಬೀಜ ಒಡೆಸಿದರು. ಅಲೆಕ್ಸಾಂಡರ್ ಆ ನೋವಿನಲ್ಲೇ ಸತ್ತ. ಲೆವಾನನಿಗೆ ಬುದ್ಧಿ ಭ್ರಮಿಸಿತು. ಅಜ್ಜಿ ಕೆತೆವಾನ್ ಷಿರಾಜ್ ನಗರದಲ್ಲಿ ಮತಾಂತರಕ್ಕೆ ಒಪ್ಪದೆ, 1624ರ ಸೆಪ್ಟೆಂಬರಿನಲ್ಲಿ ಕೆಂಪಗೆ ಕಾದ ಕಬ್ಬಿಣದ ಹಿಂಸೆಗೆ ಮೈಯೊಡ್ಡಿ ಪ್ರಾಣಬಿಟ್ಟಳು. ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು ನಮ್ಮ ನೆರೆಯ ಗೋವೆಗೆ ತಂದಿಟ್ಟರು. ಹಳೆಗೋವೆಯ ಪಾಳುಗುಡಿಯ ನೆಲದಲ್ಲಿ ಸಿಕ್ಕ ಆ ಮೂಳೆಯನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿದರು. 2021ರಲ್ಲಿ ಭಾರತ ಅದನ್ನು ಜಾರ್ಜಿಯಕ್ಕೆ ಒಪ್ಪಿಸಿತು. ತಾಯಿಯ ಸಂಕಟವನ್ನು ತೈಮುರಾಜ್ ಕಾವ್ಯವಾಗಿಯೇ ಬರೆದ.

ಈಗ ಉಳಿದವನು ದಾತುನಾ ಒಬ್ಬನೇ. ಅರಸನಿಗೆ ಅವನು ಮಗನೂ ಹೌದು, ರಾಜ್ಯದ ನಾಳೆಯೂ ಹೌದು.

1633ರಲ್ಲಿ ಪರ್ಷಿಯದ ಹೊಸ ದೊರೆ ಷಾ ಸಫಿ ಕಾರ್ಟ್ಲಿಯ ಗದ್ದುಗೆಗೆ ರೋಸ್ತೋಮನನ್ನು ಕಳಿಸಿದ. ಈ ರೋಸ್ತೋಮ್ ಪರಕೀಯನಲ್ಲ ಎಂಬುದನ್ನು ಮರೆಯಬಾರದು. ಅವನೂ ತೈಮುರಾಜನಂತೆ ಬಗ್ರಾತಿಯೋನಿ ವಂಶದವನೇ. ಇಸ್ಲಾಮಿನಲ್ಲಿ ಬೆಳೆದು, ಖುಸ್ರೋ ಮಿರ್ಜಾ ಎಂಬ ಹೆಸರಿನಲ್ಲಿ ಇಸ್ಫಹಾನಿನ ಆಡಳಿತ ನಡೆಸಿದ್ದವನು. ಪಾಳುಬಿದ್ದ ಕಾರ್ಟ್ಲಿಯನ್ನು ಅವನು ಎತ್ತಿ ನಿಲ್ಲಿಸಿದ ಎಂಬುದೂ ನಿಜ. ಸಾಮ್ರಾಜ್ಯದ ಕತ್ತಿ ದಾಯಾದಿಯ ಕೈಯಲ್ಲಿದ್ದದ್ದೇ ತೈಮುರಾಜನ ಪಾಲಿನ ದೊಡ್ಡ ಆಪತ್ತು. ಅವನು ಉತ್ತರಕ್ಕೆ ಮುಖಮಾಡಿ 1639ರಲ್ಲಿ ರಷ್ಯದ ತ್ಸಾರನಿಗೆ ನಿಷ್ಠೆಯ ಪ್ರಮಾಣ ಮಾಡಿದ. ಹಣ ಬಂತು, ಬೆಲೆಬಾಳುವ ತುಪ್ಪುಳುಚರ್ಮಗಳು ಬಂದವು. ಸೈನ್ಯ ಬರಲಿಲ್ಲ.

1648ರಲ್ಲಿ, ಎರಡನೆಯ ಷಾ ಅಬ್ಬಾಸನ ಕಾಲದಲ್ಲಿ, ಪರ್ಷಿಯದ ಪಡೆಗಳ ಬೆಂಬಲದೊಡನೆ ರೋಸ್ತೋಮ್ ಕಖೇತಿಯ ಮೇಲೆ ನಡೆದ. ಮಘಾರೋದಲ್ಲಿ ಕೈಗೆ ಕೈ ಹತ್ತಿತು. ಕಖೇತಿಯ ದಂಡು ಮುರಿಯಿತು. ದಾತುನಾ ರಣದಲ್ಲೇ ಬಿದ್ದ. ಅಣ್ಣಂದಿರಿಗೆ ಆಯುಧ ಹಿಡಿದು ಸಾಯುವ ಭಾಗ್ಯವೂ ಇರಲಿಲ್ಲ. ಅವನಿಗೆ ಅದೊಂದು ದಕ್ಕಿತು.

ಅರವತ್ತರ ಹೊಸ್ತಿಲಲ್ಲಿದ್ದ ತಂದೆ ರಾಜ್ಯ ಬಿಟ್ಟು ಪಡುವಣ ಜಾರ್ಜಿಯದ ಇಮೆರೆತಿಗೆ, ಅಳಿಯನ ಆಸರೆಗೆ ಹೋದ. ದಾತುನಾನ ಮಗ, ಬಾಲಕ ಎರೆಕ್ಲೆಯನ್ನು ಉಳಿಸಿಕೊಳ್ಳಲು 1653ರಲ್ಲಿ ಮಾಸ್ಕೋಗೆ ಕಳಿಸಿದ. ಐದು ವರ್ಷಗಳ ಮೇಲೆ ಮುದುಕ ತಾನೇ ಆ ದೂರದ ದಾರಿ ಹಿಡಿದು ತ್ಸಾರನ ಮುಂದೆ ನಿಂತು ಸೈನ್ಯ ಬೇಡಿದ, ಬರಿಗೈಯಲ್ಲಿ ಮರಳಿದ. ಖೊರಾಷಾನ್ ತೀರಿಕೊಂಡಳು. ಸನ್ಯಾಸ ಹಿಡಿದ ಅರಸ ಕೊನೆಗೆ ಷಾನ ಕೈಗೆ ಸಿಕ್ಕು, ಮತ ಬಿಡಲು ಒಪ್ಪದೆ, 1663ರಲ್ಲಿ ಆಸ್ತರಾಬಾದಿನ ಸೆರೆಯಲ್ಲಿ ಕಣ್ಣುಮುಚ್ಚಿದ. ಅವನ ದೇಹವನ್ನು ಕಖೇತಿಯ ಅಲಾವೆರ್ದಿ ಮಹಾಮಂದಿರಕ್ಕೆ ತಂದು ಮಣ್ಣುಮಾಡಿದರು.

ಎರೆಕ್ಲೆ ಬದುಕಿದ. 1688ರಲ್ಲಿ ಟಿಬಿಲಿಸಿಯಲ್ಲಿ, ರೋಸ್ತೋಮ್ ಕುಳಿತಿದ್ದ ಅದೇ ಗದ್ದುಗೆಯ ಮೇಲೆ, ಷಾನ ಅಪ್ಪಣೆಯಂತೆ, ಇಸ್ಲಾಂ ಸ್ವೀಕರಿಸಿ, ನಜರ್ ಅಲಿ ಖಾನ್ ಎಂಬ ಹೆಸರು ಹೊತ್ತು ದಾತುನಾನ ಮಗ ಕುಳಿತ.