ಹೆಸರಿಲ್ಲದ ಕಚೇರಿಯ ಅಧಿಕಾರಿ

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಕಾಲದಲ್ಲಿ, ಶೀತಲ ಸಮರದ ಅಧ್ಯಾಯ ಬಂದಾಗಲೆಲ್ಲ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಉಪಗ್ರಹಗಳ ಮೂಲಕ ಪರಸ್ಪರರ ಮೇಲೆ ಕಣ್ಣಿಟ್ಟಿದ್ದವೆಂದು ಒಂದೇ ವಾಕ್ಯದಲ್ಲಿ ಹೇಳಿ ನಾನು ಮುಂದಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅಷ್ಟು ಮೇಲೆ ತೆಗೆದ ಫೋಟೋ ಕೆಳಕ್ಕೆ ಹೇಗೆ ಬರುತ್ತದೆ?" ಎಂದು ಕೇಳಿದ. ರೇಡಿಯೋ ಅಲೆಗಳ ಮೂಲಕ ಎಂದು ಹೇಳಿ ಕೂರಿಸಿದೆ. ಮೊದಮೊದಲ ಬೇಹು ಉಪಗ್ರಹಗಳ ಮಟ್ಟಿಗೆ ಆ ಉತ್ತರ ತಪ್ಪೆಂಬುದು ನಿವೃತ್ತನಾದ ಮೇಲೆ ಓದಿನಿಂದ ತಿಳಿಯಿತು. ಆ ಓದಿನಲ್ಲಿಯೇ ರಿಚರ್ಡ್ ಬಿಸ್ಸೆಲ್ ಎಂಬ ಅಧಿಕಾರಿಯ ಪರಿಚಯವಾದದ್ದು.

ಬಿಸ್ಸೆಲ್ ಜನಿಸಿದ್ದು 1909ರಲ್ಲಿ, ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ವಿಮಾ ಕಂಪನಿಯೊಂದರ ಮುಖ್ಯಸ್ಥ. ಕುಟುಂಬ ವಾಸವಾಗಿದ್ದ ಮನೆ ಹಿಂದೆ ಲೇಖಕ ಮಾರ್ಕ್ ಟ್ವೈನ್ ಕಟ್ಟಿಸಿದ್ದು. ಬಿಸ್ಸೆಲ್ ಸೈನಿಕನಲ್ಲ, ವಿಜ್ಞಾನಿಯೂ ಅಲ್ಲ. ನನ್ನಂತೆಯೇ ಪಾಠ ಹೇಳುತ್ತಿದ್ದವನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ. ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳ ಹಂಚಿಕೆಯ ಹೊಣೆ ಹೊತ್ತು, ಯಾವ ಹಡಗು ಯಾವಾಗ ಯಾವ ಬಂದರಿನಲ್ಲಿ ಬರಿದಾಗುವುದೆಂಬುದನ್ನು ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು ಮುಂದಾಗಿಯೇ ಲೆಕ್ಕ ಹೇಳುತ್ತಿದ್ದ. ಬಳಿಕ ಮಾರ್ಷಲ್ ಯೋಜನೆಯಲ್ಲಿ ದುಡಿದು 1954ರಲ್ಲಿ ಗೂಢಚರ್ಯೆ ಸಂಸ್ಥೆಯಾದ ಸಿಐಎ ಸೇರಿದ. ಅತಿ ಎತ್ತರದಲ್ಲಿ ಹಾರುವ ಯು-2 ವಿಮಾನವನ್ನು ಅಲ್ಪಕಾಲದಲ್ಲಿ ಸಿದ್ಧಗೊಳಿಸಿದ ಕೀರ್ತಿ ಈತನದು.

1958ರ ಫೆಬ್ರುವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಒಪ್ಪಿಗೆ ಕೊಟ್ಟ ಉಪಗ್ರಹ ಯೋಜನೆಯ ಗುಪ್ತನಾಮ 'ಕರೋನಾ'. ಸಿಐಎ ಪರವಾಗಿ ಅದರ ಮೇಲ್ವಿಚಾರಣೆ ಬಿಸ್ಸೆಲ್‌ಗೆ ಬಂತು, ವಾಯುಸೇನೆಯೂ ಜೊತೆಗಿತ್ತು. ಹೊರಜಗತ್ತಿಗೆ ಮಾತ್ರ ಅದು 'ಡಿಸ್ಕವರರ್' ಎಂಬ ವೈಜ್ಞಾನಿಕ ಪ್ರಯೋಗ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಫೋಟೋ ತೆಗೆದ ಫಿಲಂ ಸುರುಳಿಯನ್ನು ಒಂದು ಡಬ್ಬಿಯೊಳಗೆ ಸುತ್ತಿ, ಆ ಡಬ್ಬಿಯನ್ನೇ ಆಕಾಶದಿಂದ ಕೆಳಕ್ಕೆ ಬಿಡುತ್ತಿದ್ದರು! ಪ್ಯಾರಾಚೂಟ್ ಬಿಚ್ಚಿಕೊಂಡು ಅದು ಇಳಿಯುತ್ತಿರುವಾಗ, ಹವಾಯಿ ದ್ವೀಪಗಳ ಬಳಿ ಕಾದಿದ್ದ ವಿಮಾನವು ಕೊಕ್ಕೆ ಕಟ್ಟಿದ ಹಗ್ಗಗಳನ್ನು ಇಳಿಬಿಟ್ಟು ಗಾಳಿಯಲ್ಲೇ ಹಿಡಿಯಬೇಕು. ತಪ್ಪಿ ಸಮುದ್ರಕ್ಕೆ ಬಿದ್ದರೆ ಕೆಲಕಾಲ ತೇಲುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ಅದರಲ್ಲಿನ ಉಪ್ಪಿನ ಬಿರಡೆ ಕರಗಿ, ಅನ್ಯರ ಕೈಗೆ ಸಿಗದಂತೆ ಮುಳುಗುತ್ತದೆ.

ಹೇಳಲು ಸುಲಭ. 1959ರ ಫೆಬ್ರುವರಿಯಿಂದ ನಡೆದ ಮೊದಲ ಹನ್ನೆರಡು ಪ್ರಯತ್ನಗಳಲ್ಲಿ ಒಂದರಿಂದಲೂ ಡಬ್ಬಿ ಕೈಗೆ ಬರಲಿಲ್ಲ. ಕೆಲವು ಕಕ್ಷೆಯನ್ನೇ ಸೇರಲಿಲ್ಲ. ಎರಡನೆಯದರ ಡಬ್ಬಿ ಸಮಯದ ಲೆಕ್ಕ ತಪ್ಪಿ, ಹವಾಯಿಯ ಬದಲು ಉತ್ತರಧ್ರುವದ ಸಮೀಪದ ಸ್ಪಿಟ್ಸ್‌ಬರ್ಗನ್ ಕಡೆಗೆ ಇಳಿದು ಕಾಣೆಯಾಯಿತು. ನಿರ್ವಾತದಲ್ಲಿ ಫಿಲಂ ಪೆಡಸಾಗಿ ತುಂಡಾಗುತ್ತಿದ್ದುದರಿಂದ ಪಾಲಿಯೆಸ್ಟರ್ ಫಿಲಂ ತಯಾರಿಸಬೇಕಾಯಿತು. ವಿಮಾನ ಬಿದ್ದರೆ ಭಗ್ನಾವಶೇಷಗಳನ್ನು ನೋಡಿ ಕಾರಣ ಹೇಳಬಹುದು. ಇಲ್ಲಿ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹನ್ನೆರಡು ಬಾರಿ ನಪಾಸಾದವನನ್ನು ಯಾವ ಶಾಲೆಯವರೂ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಐಸೆನ್‌ಹೋವರ್ ಕೈಬಿಡಲಿಲ್ಲ. ಬಹುಶಃ ಯೋಜನೆ ರಹಸ್ಯವಾಗಿದ್ದುದೇ ಅದನ್ನು ಕಾಯಿತೇನೋ. ವಿಫಲವಾದದ್ದು ಬೇಹುಗಾರಿಕೆಯೆಂದು ಪತ್ರಿಕೆಗಳಿಗೂ ಜನರಿಗೂ ತಿಳಿದಿರಲಿಲ್ಲ.

1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಯು-2 ವಿಮಾನ ಉರುಳಿತು. ಚಾಲಕ ಗ್ಯಾರಿ ಪವರ್ಸ್ ಸೆರೆಸಿಕ್ಕ. ಆ ನೆಲದ ಮೇಲಿನ ಹಾರಾಟಗಳು ಅಲ್ಲಿಗೆ ನಿಂತವು. ಆಗಸ್ಟ್ 19ರಂದು ಮಾಸ್ಕೋದ ನ್ಯಾಯಾಲಯ ಪವರ್ಸ್‌ಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಅದೇ ದಿನ ಪೆಸಿಫಿಕ್ ಸಾಗರದ ಮೇಲೆ ಡಿಸ್ಕವರರ್ 14ರ ಡಬ್ಬಿ ವಿಮಾನದ ಕೊಕ್ಕೆಗೆ ಸಿಕ್ಕಿತು. ಸುಮಾರು 9 ಕಿಲೋ ತೂಕದ ಆ ಒಂದು ಸುರುಳಿಯಲ್ಲಿ, ನಾಲ್ಕು ವರ್ಷಗಳ ಯು-2 ಹಾರಾಟಗಳೆಲ್ಲ ಸೇರಿ ಚಿತ್ರಿಸಿದ್ದಕ್ಕಿಂತ ಹೆಚ್ಚು ಸೋವಿಯತ್ ಭೂಪ್ರದೇಶವಿತ್ತು.

ಫಲ ಸಣ್ಣದಲ್ಲ. ಖಂಡಾಂತರ ಕ್ಷಿಪಣಿಗಳಲ್ಲಿ ಸೋವಿಯತ್ ಒಕ್ಕೂಟ ಬಹಳ ಮುಂದಿದೆಯೆಂಬ ಭಯ ಆಗ ಅಮೆರಿಕವನ್ನು ಆವರಿಸಿತ್ತು. ಕೆನಡಿ 1960ರ ಚುನಾವಣೆಯಲ್ಲಿ ಅದನ್ನೇ ಸಾರಿದ್ದರು. ಚಿತ್ರಗಳು ಒಂದೊಂದಾಗಿ ಬಂದ ಮೇಲೆ, 1961ರ ಸೆಪ್ಟೆಂಬರಿನ ಅಂದಾಜಿನಲ್ಲಿ ಅಂತಹ ಕ್ಷಿಪಣಿಗಳ ಉಡಾವಣಾ ನೆಲೆಗಳ ಸಂಖ್ಯೆ 10ರಿಂದ 25ಕ್ಕೆ ಇಳಿಯಿತು. ಇಲ್ಲದ ಅಸ್ತ್ರಗಳಿಗೆ ಹೆದರಿ ಆ ದೇಶ ಇನ್ನೇನು ಮಾಡುತ್ತಿತ್ತೋ!

ಆದರೆ 1959ರಿಂದ ಬಿಸ್ಸೆಲ್ ಕೈಯಲ್ಲಿ ಇನ್ನೊಂದು ಕಡತವೂ ಇತ್ತು: ಸಿಐಎಯ ರಹಸ್ಯ ಕಾರ್ಯಾಚರಣೆಗಳು. 1961ರ ಏಪ್ರಿಲ್ 17ರಂದು ಸುಮಾರು 1,400 ಮಂದಿ ಕ್ಯೂಬಾದ ದೇಶಭ್ರಷ್ಟರನ್ನು ಬೇ ಆಫ್ ಪಿಗ್ಸ್ ತೀರದಲ್ಲಿ ಇಳಿಸಿದ ಯೋಜನೆ ಆತನದೇ. ಮೂರೇ ದಿನಗಳಲ್ಲಿ ಅದು ಕುಸಿಯಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಹಡಗು ಎಣಿಸಿದವನು, ಕ್ಷಿಪಣಿ ಎಣಿಸಲು ಯಂತ್ರ ಕೊಟ್ಟವನು, ಕ್ಯೂಬಾದ ಜನರ ಮನಸ್ಸಿನ ವಿಷಯದಲ್ಲಿ ಊಹೆಯನ್ನೇ ನಂಬಿದ. ಈ ತಪ್ಪಿಗೆ ನನ್ನಲ್ಲಿ ಕ್ಷಮೆಯಿಲ್ಲ. ಸತ್ತವರು ಫಿಲಂ ಡಬ್ಬಿಗಳಲ್ಲ.

ಆ ವರ್ಷದ ಸೆಪ್ಟೆಂಬರ್ 6ರಂದು ಬೇಹು ಉಪಗ್ರಹಗಳಿಗೆಂದೇ ಪ್ರತ್ಯೇಕ ಕಚೇರಿ, ನ್ಯಾಷನಲ್ ರೆಕನೈಸೆನ್ಸ್ ಆಫೀಸ್, ಆರಂಭವಾದಾಗ ವಾಯುಸೇನೆಯ ಜೋಸೆಫ್ ಚಾರಿಕ್ ಜೊತೆಗೆ ಬಿಸ್ಸೆಲ್ ಜಂಟಿ ಮುಖ್ಯಸ್ಥನಾದ. ಸಂಸ್ಥೆಯ ಹೆಸರನ್ನು ಹೊರಗೆ ಉಚ್ಚರಿಸುವಂತಿರಲಿಲ್ಲ. 1962ರ ಫೆಬ್ರುವರಿಯಲ್ಲಿ ಕ್ಯೂಬಾದ ಸೋಲಿನ ಹೊರೆಯೊಡನೆ ಆತ ಸಿಐಎಯಿಂದ ನಿರ್ಗಮಿಸಿದ. ಸೋಲು ಪತ್ರಿಕೆಗಳ ಮುಖಪುಟದಲ್ಲಿತ್ತು. ಗೆಲುವು ಬೀಗ ಹಾಕಿದ ಕಪಾಟಿನಲ್ಲಿತ್ತು.

ಆ ಕಚೇರಿ ಇದೆಯೆಂದು ಅಮೆರಿಕ ಸರ್ಕಾರ ಒಪ್ಪಿಕೊಂಡದ್ದು 1992ರ ಸೆಪ್ಟೆಂಬರಿನಲ್ಲಿ. ಬಿಸ್ಸೆಲ್ 1994ರ ಫೆಬ್ರುವರಿಯಲ್ಲಿ ತೀರಿಕೊಂಡ. ಸರಿಯಾಗಿ ಒಂದು ವರ್ಷದ ಬಳಿಕ, 1995ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಕ್ಲಿಂಟನ್ ಕರೋನಾ ಮತ್ತು ಅದರ ಜೊತೆಯ ಯೋಜನೆಗಳ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳ ಗೌಪ್ಯತೆಯನ್ನು ತೆರವು ಮಾಡಿದರು.

ಇಂದು ಆ ಚಿತ್ರಗಳನ್ನು ಹೆಚ್ಚು ಆಸೆಯಿಂದ ನೋಡುವವರಲ್ಲಿ ಪ್ರಾಚ್ಯವಸ್ತು ಸಂಶೋಧಕರೂ ಇದ್ದಾರೆ. ಸಿರಿಯಾ ದೇಶದಲ್ಲಿ ಆಮೇಲೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ, ನೇಗಿಲಿಗೆ ಸಿಕ್ಕಿ ಅಳಿದ ಪುರಾತನ ದಿಬ್ಬಗಳೂ ಸಾವಿರಾರು ವರ್ಷಗಳ ಹಿಂದಿನ ಕಾಲುದಾರಿಗಳೂ ಆ ಫಿಲಮುಗಳಲ್ಲಿ ಹಾಗೆಯೇ ಉಳಿದಿವೆ. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ತಡವಾದ ಉತ್ತರವೆಂದು ಸ್ವೀಕರಿಸಲಿ.