ಯು-505 ಜಲಾಂತರ್ಗಾಮಿ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ನಡುಗಡಲಿನಲ್ಲಿ ಸೆರೆಹಿಡಿದ ಜರ್ಮನ್ ಜಲಾಂತರ್ಗಾಮಿ. ಈಗ ಷಿಕಾಗೊದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇದೆ. ಹ್ಯಾಂಬರ್ಗ್‌ನಲ್ಲಿ ನಿರ್ಮಾಣಗೊಂಡು 1941ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿದ, ಸುಮಾರು 77 ಮೀ. ಉದ್ದದ ಈ ನೌಕೆ ನೀರಿನ ಮೇಲೆ ಡೀಸೆಲ್ ಎಂಜಿನ್‌ಗಳಿಂದಲೂ ನೀರಿನೊಳಗೆ ಬ್ಯಾಟರಿಚಾಲಿತ ಮೋಟಾರುಗಳಿಂದಲೂ ಚಲಿಸುತ್ತಿತ್ತು. ನೀರೊಳಗೆ ತಾನಾಗಿ ಸಾಗಿ ಗುರಿಗೆ ಬಡಿದು ಸಿಡಿಯುವ ಟಾರ್ಪಿಡೊ ಇದರ ಮುಖ್ಯ ಅಸ್ತ್ರ. ಇದು ಒಟ್ಟು 8 ಹಡಗುಗಳನ್ನು ಮುಳುಗಿಸಿತು.

1944ರ ಜೂನ್ 4ರಂದು ಪಶ್ಚಿಮ ಆಫ್ರಿಕದ ಕರಾವಳಿಯಾಚೆ, ಕ್ಯಾಪ್ಟನ್ ಡೇನಿಯಲ್ ಗ್ಯಾಲರಿಯ ನೇತೃತ್ವದ ನೌಕಾದಳವು ಶಬ್ದತರಂಗಗಳ ಪ್ರತಿಧ್ವನಿಯಿಂದ ನೀರೊಳಗಿನ ವಸ್ತುಗಳನ್ನು ಗುರುತಿಸುವ ಸೋನಾರ್‌ನ ನೆರವಿನಿಂದ ಇದನ್ನು ಪತ್ತೆಹಚ್ಚಿ, ನಿಗದಿತ ಆಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್‌ಗಳಿಂದ ಮೇಲೇಳುವಂತೆ ಮಾಡಿತು. ಸಿಬ್ಬಂದಿ ನೌಕೆ ಮುಳುಗಲೆಂದು ಒಳಗೆ ನೀರು ನುಗ್ಗುವ ದಾರಿ ತೆರೆದು ಸಮುದ್ರಕ್ಕೆ ಹಾರಿದರಾದರೂ, ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ಮತ್ತು ಸಂಗಡಿಗರು ಒಳಗಿಳಿದು ಆ ದಾರಿಯನ್ನು ಮುಚ್ಚಿ ನೌಕೆಯನ್ನು ಉಳಿಸಿದರು. ಈ ಸಾಹಸಕ್ಕಾಗಿ ಡೇವಿಡ್‌ಗೆ ಅಮೆರಿಕದ ಅತ್ಯುನ್ನತ ಸೇನಾಪದಕವಾದ ಮೆಡಲ್ ಆಫ್ ಆನರ್ ಸಂದಿತು. ಜರ್ಮನ್ ಸಿಬ್ಬಂದಿಯಲ್ಲಿ ಒಬ್ಬ ಸತ್ತು 58 ಮಂದಿ ಸೆರೆಯಾದರು.

ನೌಕೆಯಲ್ಲಿ ದೊರೆತ ಸಂಕೇತಪುಸ್ತಕಗಳು ಮತ್ತು ಸಂದೇಶಗಳನ್ನು ಗೂಢಲಿಪಿಗೆ ಪರಿವರ್ತಿಸುವ ಎನಿಗ್ಮಾ ಯಂತ್ರಗಳು, ಮಿತ್ರರಾಷ್ಟ್ರಗಳು ಆಗಲೇ ನಡೆಸುತ್ತಿದ್ದ ಗೂಢಲಿಪಿ ಭೇದನಕ್ಕೆ ನೆರವಾದವು. ವಿಷಯ ತಿಳಿದರೆ ಜರ್ಮನರು ಸಂಕೇತಗಳನ್ನೇ ಬದಲಾಯಿಸುವ ಅಪಾಯವಿತ್ತು. ನಾರ್ಮಂಡಿಯ ಮೇಲೆ ಮಿತ್ರರಾಷ್ಟ್ರಗಳ ಆಕ್ರಮಣಕ್ಕೆ ಎರಡೇ ದಿನ ಉಳಿದಿದ್ದ ಆ ಹೊತ್ತಿನಲ್ಲಿ ಇದು ಇನ್ನಷ್ಟು ಗಂಭೀರವಾಗಿತ್ತು. ಆದ್ದರಿಂದ ನೌಕೆಯನ್ನು ಗುಟ್ಟಾಗಿ ಬರ್ಮುಡಕ್ಕೆ ಎಳೆದೊಯ್ದು, ನಾವಿಕರಿಗೆ ಮೌನದ ಆಣೆ ಹಾಕಿಸಿ, ಸೆರೆಯಾಳುಗಳನ್ನು ಲೂಸಿಯಾನದ ಶಿಬಿರವೊಂದರಲ್ಲಿ ಹೊರಜಗತ್ತಿನ ಸಂಪರ್ಕವಿಲ್ಲದಂತೆ ಇರಿಸಲಾಯಿತು. ಅವರು ಬದುಕಿರುವುದು ಮನೆಯವರಿಗೂ ತಿಳಿಯಲಿಲ್ಲ. ಗೆಲುವನ್ನು ಸಾರುವುದಕ್ಕಿಂತ ಅಡಗಿಸುವುದರಲ್ಲೇ ಹೆಚ್ಚು ಪ್ರಯೋಜನವಿದ್ದ ಅಪೂರ್ವ ಪ್ರಸಂಗವಿದು.

ಯುದ್ಧಾನಂತರ ಗುರಿಯಭ್ಯಾಸದಲ್ಲಿ ನಾಶವಾಗಲಿದ್ದ ನೌಕೆಯನ್ನು ಷಿಕಾಗೊದ ನಾಗರಿಕರು ನಿಧಿ ಕೂಡಿಸಿ ಉಳಿಸಿಕೊಂಡರು. 1954ರಲ್ಲಿ ಸೇಂಟ್ ಲಾರೆನ್ಸ್ ನದಿ ಮತ್ತು ಮಹಾಸರೋವರಗಳ ಮೂಲಕ ಬಂದ ಇದನ್ನು ಅಟ್ಲಾಂಟಿಕ್ ಕದನದಲ್ಲಿ ಮಡಿದ ಅಮೆರಿಕದ ನಾವಿಕರ ಸ್ಮಾರಕವಾಗಿ ಅರ್ಪಿಸಲಾಯಿತು. 1989ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ದೊರೆಯಿತು. ಐವತ್ತು ವರ್ಷ ಬಯಲಿನಲ್ಲಿ ನಿಂತು ಮಳೆ ಹಿಮಗಳಿಂದ ಜೀರ್ಣವಾಗುತ್ತಿದ್ದ ನೌಕೆಯನ್ನು 2004ರಲ್ಲಿ, ಉಷ್ಣತೆ ಮತ್ತು ತೇವಾಂಶಗಳ ನಿಯಂತ್ರಣವುಳ್ಳ ನೆಲದಡಿಯ ಸಭಾಂಗಣಕ್ಕೆ ಸ್ಥಳಾಂತರಿಸಿ, ಮರುವರ್ಷ ವೀಕ್ಷಕರಿಗೆ ತೆರೆಯಲಾಯಿತು.