ಸೀಸದ ಗಡಿಯಾರ: ದೆಹಲಿಯ ಚಳಿಗಾಲದ ಗಾಳಿಯಲ್ಲಿ ಲೇಶಧಾತುಗಳ ದೈನಿಕ ಏರಿಳಿತ

ಭಾರತದ 2009ರ ವಾಯು ಗುಣಮಟ್ಟ ಮಾನದಂಡ ಸೀಸಕ್ಕೆ ಹಾಕಿದ 24 ಗಂಟೆಗಳ ಮಿತಿ ಘನ ಮೀಟರಿಗೆ 1 ಮೈಕ್ರೋಗ್ರಾಂ. ಆರ್ಸೆನಿಕ್‌ಗೆ ವಾರ್ಷಿಕ ಮಿತಿ 6 ನ್ಯಾನೋಗ್ರಾಂ. ಎರಡೂ ಸರಾಸರಿಗಳೇ. ದಿನವಿಡೀ ಗಾಳಿಗೊಡ್ಡಿದ ಫಿಲ್ಟರನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸುವ ಪದ್ಧತಿಗೆ ಈ ಲೆಕ್ಕ ಒಪ್ಪುತ್ತದೆ. ಆದರೆ ಆ ಫಿಲ್ಟರಿನಲ್ಲಿ ಬೆಳಗಿನ ಜಾವದ ಗಾಳಿಯೂ ನಡುಮಧ್ಯಾಹ್ನದ ಗಾಳಿಯೂ ಒಂದಾಗಿಬಿಡುತ್ತವೆ. ಮಾಲಿನ್ಯದ ಮೂಲ ಹುಡುಕುವವರಿಗೆ ಬೇಕಾದದ್ದು ಹೊತ್ತು. ಅಲ್ಲಿ ಕಳೆದುಹೋಗುವುದೂ ಅದೇ.

ಹೊತ್ತನ್ನು ಉಳಿಸಿಕೊಳ್ಳಲು ಈಗ ಉರುಳುವ ಫಿಲ್ಟರ್ ಪಟ್ಟಿಯ ಯಂತ್ರಗಳಿವೆ. ಪಟ್ಟಿಯ ಒಂದು ಚುಕ್ಕೆಯ ಮೇಲೆ ಕಣಗಳು ಕೂರುತ್ತಿರುವಾಗಲೇ ಹಿಂದಿನ ಚುಕ್ಕೆಯನ್ನು ಕ್ಷ-ಕಿರಣ ಪ್ರತಿದೀಪ್ತಿಯಿಂದ ಓದಲಾಗುತ್ತದೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆ ಮತ್ತು ಕಾನ್ಪುರದ ಐಐಟಿಯ ಸಂಶೋಧಕರು ಇತರರೊಡನೆ ಸೇರಿ ದೆಹಲಿಯಲ್ಲಿ ಅಳೆದದ್ದು ಇಂಥ ಯಂತ್ರದಿಂದಲೇ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ನಿಮಿಷಕ್ಕೆ 16.7 ಲೀಟರ್ ಎಳೆದರೆ ಗಂಟೆಗೆ ಸಿಗುವುದು ಸುಮಾರು 1 ಘನ ಮೀಟರ್ ಗಾಳಿ. ಆರ್ಸೆನಿಕ್ ಮಿತಿಯ ಮಟ್ಟದಲ್ಲೇ ಇದ್ದರೂ ಚುಕ್ಕೆಯ ಮೇಲೆ ಕೂತಿರುವುದು 6 ನ್ಯಾನೋಗ್ರಾಂ. ಅರ್ಧ ಗಂಟೆಗೆ ಇಳಿಸಿದರೆ 3. ಅಪರಾಹ್ನ ಗಾಳಿ ತಿಳಿಯಾದಾಗ ಅನೇಕ ಧಾತುಗಳು ಯಂತ್ರದ ಗುರುತಿಸುವ ಮಿತಿಗಿಂತ ಕೆಳಗೆ ಜಾರುತ್ತವೆ. ಆ ಖಾಲಿ ಜಾಗಗಳಿಗೆ ಮಿತಿಯ ಅರ್ಧವನ್ನು ತುಂಬುವುದು ರೂಢಿ. ಆಗ ನಕ್ಷೆಯಲ್ಲಿ ಕಾಣುವ ಚಪ್ಪಟೆ ಮಧ್ಯಾಹ್ನ ಗಾಳಿಯದ್ದಲ್ಲ, ನಾವೇ ತುಂಬಿದ ಅಂಕಿಯದ್ದು.

ಇದಕ್ಕಿಂತ ನವಿರಾದ ಮೋಸವೊಂದು ಕ್ಷ-ಕಿರಣದ ಓದಿನಲ್ಲೇ ಇದೆ. ಆರ್ಸೆನಿಕ್‌ನ ಕೆ-ಆಲ್ಫಾ ರೇಖೆ 10.54 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ, ಸೀಸದ ಎಲ್-ಆಲ್ಫಾ 10.55ರಲ್ಲಿ. ಪತ್ತೆಕಾರಕಕ್ಕೆ ಇವೆರಡೂ ಒಂದೇ ಶಿಖರ. ಸೀಸದ ಪಾಲನ್ನು 12.6ರ ಬಳಿಯ ಎಲ್-ಬೀಟಾ ರೇಖೆಯಿಂದ ಅಂದಾಜಿಸಿ ಕಳೆಯಬೇಕು. ಸೀಸ ಹತ್ತಾರು ಪಟ್ಟು ಹೆಚ್ಚಿರುವ ಗಾಳಿಯಲ್ಲಿ ಈ ಕಳೆಯುವಿಕೆ ತುಸು ತಪ್ಪಿದರೂ ಸಾಕು, ಸೀಸದ ಏರಿಳಿತವೇ ಆರ್ಸೆನಿಕ್‌ನ ವೇಷ ತೊಟ್ಟು ಬರುತ್ತದೆ. ‘ಎರಡಕ್ಕೂ ಮೂಲ ಒಂದೇ’ ಎಂಬ ತೀರ್ಮಾನವನ್ನು ನಾನು ಅನುಮಾನದಿಂದಲೇ ಓದುವುದು ಇದಕ್ಕಾಗಿ.

ಅಳತೆ ಸರಿಯಿದ್ದರೂ ಅರ್ಥ ಸುಲಭವಲ್ಲ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೊಗೆ ಹೆಚ್ಚದಿದ್ದರೂ ಅದು ಹರಡುವ ಕೋಣೆ ಕಿರಿದಾಗುತ್ತದೆ. ಹಾಗಾಗಿ ಸಾಂದ್ರತೆಯ ಶಿಖರ ಉತ್ಸರ್ಜನೆಯ ಶಿಖರವೆಂದು ಹೇಳಲಾಗದು. ಮುಚ್ಚಳದ ಪರಿಣಾಮ ಕಳೆಯಲು ಕಾರ್ಬನ್ ಮೊನಾಕ್ಸೈಡಿನಿಂದ ಭಾಗಿಸಿ ನೋಡುವುದುಂಟು, ಆದರೆ ಅದಕ್ಕೂ ವಾಹನ ದಟ್ಟಣೆಯ ಹೊತ್ತುಗಳಿವೆ! ಧಾತುಗಳನ್ನು ಪರಸ್ಪರ ಹೋಲಿಸುವುದು ಮೇಲು. ಎಲ್ಲವೂ ಒಟ್ಟಿಗೆ ಏರಿದರೆ ಮುಚ್ಚಳದ ಕೆಲಸ. ಬ್ರೇಕ್ ಸವೆತದ ತಾಮ್ರ, ಬೇರಿಯಂ ಮಾತ್ರ ಸಂಜೆ ಬೇರೆ ದಾರಿ ಹಿಡಿದರೆ ರಸ್ತೆಯ ಕೆಲಸ.

ಕ್ಲೋರಿನ್ ಈ ಹೋಲಿಕೆಗೂ ಬಗ್ಗದು. ದೆಹಲಿಯಲ್ಲಿ ಅದು ರಾತ್ರಿ ಮತ್ತು ಮುಂಜಾನೆ ಉಕ್ಕಿ, ಬಿಸಿಲೇರಿದಂತೆ ಕುಸಿಯುತ್ತದೆ. ಅದರ ಬಹುಪಾಲು ಅಮೋನಿಯಂ ಕ್ಲೋರೈಡ್. ತಂಪಿನಲ್ಲಿ ಕಣವಾಗಿ ಕೂರುತ್ತದೆ, ಬಿಸಿಗೆ ಅನಿಲವಾಗಿ ಹಾರುತ್ತದೆ. ಸೀಸಕ್ಕೆ ಹಾಗೆ ಹಾರಿಹೋಗುವ ಗುಣವಿಲ್ಲ. ಸೂರ್ಯೋದಯದ ನಂತರ ಕ್ಲೋರಿನ್ ಸೀಸಕ್ಕಿಂತ ಎಷ್ಟು ಬೇಗ ಇಳಿಯುತ್ತದೆ ಎಂಬ ಅಂತರದಲ್ಲಿ ಆವಿಯಾಗುವಿಕೆಯ ಪಾಲು ಅಡಗಿದೆ.

ಕೊನೆಗೆ ಲೆಕ್ಕದ ಮಾತು. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಈಗ ಉಳಿದಿರುವ, ಹಳೆ ಬ್ಯಾಟರಿ ಕರಗಿಸುವ ಕುಲುಮೆಯಂಥ ಮೂಲಗಳಿಂದ ಸೀಸ ದಿನವೂ ಒಂದೇ ಸಮನೆ ಹರಿದುಬರುವುದಿಲ್ಲ, ಹೊಗೆಯ ಸುರುಳಿಗಳಾಗಿ ಬಂದು ಹೋಗುತ್ತದೆ. ಎರಡೇ ರಾತ್ರಿಯ ಸುರುಳಿ ಇಡೀ ತಿಂಗಳ ‘ರಾತ್ರಿ 2 ಗಂಟೆ’ಯ ಸರಾಸರಿಯನ್ನು ಎತ್ತಿಬಿಡಬಲ್ಲದು, ಮಧ್ಯಾಂಕ ಮಾತ್ರ ಕದಲದು. ಆದ್ದರಿಂದ ಎರಡೂ ರೇಖೆಗಳನ್ನು ಒಂದೇ ನಕ್ಷೆಯಲ್ಲಿ ಬರೆಯಬೇಕು, ಅವು ಒಂದರಿಂದೊಂದು ದೂರ ಸರಿದ ಗಂಟೆಗಳನ್ನು ಗುರುತು ಹಾಕಿ, ಆ ಹೊತ್ತಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂದು ನೋಡಬೇಕು.